ಮೂರನೆಯ ಕಾಲು

ಸಂತೆಯಲ್ಲಿ ಎರಡು ಗುಡ್ಡೆ ಬದನೆಕಾಯಿ ನೋಡಿ ‘ಅದಕ್ಕಿಂತ ಇದು ವಾಸಿ’ ಅನ್ನುತ್ತೇವೆ. ಹದಿನೈದು ದಿನ ಹಾಸಿಗೆ ಹಿಡಿದವರು ಎದ್ದು ಅಂಗಳಕ್ಕೆ ಬಂದರೆ ‘ವಾಸಿಯಾಯಿತು’ ಅನ್ನುತ್ತೇವೆ. ಎರಡೂ ಕಡೆ ಅದೇ ಮಾತು, ಹೋಲಿಕೆಯ ಮಾತು. ನಿನ್ನೆಗಿಂತ ಇವತ್ತು ಮೇಲು ಎಂಬಷ್ಟೇ ಅದರ ಭರವಸೆ. ರೋಗ ಬುಡಸಮೇತ ಹೋಯಿತೆಂದು ಅದು ಆಣೆಯಿಡುವುದಿಲ್ಲ. ಕಾಯಿಲೆ ಬಿದ್ದಾಗ ಹಳೇ ಮೈಸೂರಿನವರು ‘ಹುಷಾರಿಲ್ಲ’ ಅನ್ನುತ್ತಾರೆ, ಧಾರವಾಡದ ಕಡೆಯವರು ‘ಆರಾಮಿಲ್ಲ’, ಮಂಗಳೂರಿನ ಕಡೆಯವರು ‘ಸೌಖ್ಯ ಇಲ್ಲ’. ಈ ಮೂರರಲ್ಲಿ ಯಾವುದೂ ಅಂಗವನ್ನಾಗಲಿ ಕ್ರಿಮಿಯನ್ನಾಗಲಿ ಹೆಸರಿಸುವುದಿಲ್ಲ. ಮನುಷ್ಯ ತನ್ನ ಎಂದಿನ ಇರವಿನಲ್ಲಿ ಇಲ್ಲ ಎಂದು ತಿಳಿಸಿ ಸುಮ್ಮನಾಗುತ್ತವೆ. ಸಂಸ್ಕೃತದಿಂದ ಬಂದ ‘ಸ್ವಸ್ಥ’ವನ್ನು ಬಿಡಿಸಿದರೂ ಸಿಗುವುದು ಇದೇ: ತನ್ನಲ್ಲಿ ತಾನು ನೆಲೆನಿಂತವನು. ಹೀಗೆ ಕಾಯಿಲೆಗೆ ಎರಡು ಲೆಕ್ಕದ ಪುಸ್ತಕಗಳಿವೆ. ಒಂದು ಮೈಯೊಳಗಿನದು, ವೈದ್ಯರು ಅಳೆದು ಬರೆಯುವಂಥದು. ಇನ್ನೊಂದನ್ನು ರೋಗಿಯೂ ಅವನ ಮನೆಯವರೂ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಈ ಎರಡನೆಯ ಪುಸ್ತಕಕ್ಕಾಗಿಯೇ ಜನ ಅರಿಸಿನ, ಸುಣ್ಣ, ಮಣ್ಣು, ಹಳೇ ಬಟ್ಟೆಗಳಿಂದ ಏನೇನೋ ಮಾಡುತ್ತ ಬಂದಿದ್ದಾರೆ. ಅದು ಪೂಜೆಯೋ, ಕಲೆಯೋ, ಚಿಕಿತ್ಸೆಯೋ, ತಮಗೆ ತಾವೇ ಹೇಳಿಕೊಳ್ಳುವ ಸುಳ್ಳೋ ಎಂಬುದು ಇಲ್ಲಿಯ ಪ್ರಶ್ನೆ.

ದಕ್ಷಿಣ ಕನ್ನಡದ ಉಜಿರೆಯ ಹತ್ತಿರ ಸುರ್ಯ ಎಂಬಲ್ಲಿ ಸದಾಶಿವರುದ್ರ ದೇವಸ್ಥಾನವಿದೆ. ಅಲ್ಲಿ ಹರಕೆ ಸಲ್ಲುವುದು ಮಣ್ಣಿನಲ್ಲಿ. ಕಾಲುನೋವು ಕಳೆದವರು ಮಣ್ಣಿನ ಕಾಲು ಒಪ್ಪಿಸುತ್ತಾರೆ, ಕಣ್ಣು ನೆಟ್ಟಗಾದವರು ಮಣ್ಣಿನ ಕಣ್ಣು, ಮಕ್ಕಳಾದವರು ಮಣ್ಣಿನ ಕೂಸು; ಮನೆ ಕಟ್ಟಿ ಮುಗಿಸಿದವರದು ಪುಟ್ಟದೊಂದು ಮಣ್ಣಿನ ಮನೆ. ಒಪ್ಪಿಸಿದ್ದೆಲ್ಲ ಹರಕೆಯ ಬನದಲ್ಲಿ, ಮರಗಳ ಬುಡದಲ್ಲಿ ಸೇರುತ್ತದೆ. ಬೇರೆ ಕ್ಷೇತ್ರಗಳಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಹುಂಡಿಗೆ ಬೀಳುತ್ತವೆ. ಬೆಳ್ಳಿಗೆ ತೂಕವುಂಟು, ದರವುಂಟು, ಕರಗಿಸಿದರೆ ಮತ್ತೆ ಬೆಳ್ಳಿಯೇ. ಮಡಕೆಯಾಗಬಹುದಾಗಿದ್ದ ಮಣ್ಣು ಕಾಲಿನ ಆಕಾರ ತಾಳಿ ಬನ ಸೇರಿದರೆ ಮುಂದೆ ಕರಾವಳಿಯ ಮಳೆ ಉಂಟು, ಅದುಂಟು. ಯಾರ ಕಾಲು, ಯಾರ ಕಣ್ಣು ಎಂಬ ಹೆಸರಿನ ಚೀಟಿ ಅಲ್ಲಿ ಬೇಕಾಗುವುದಿಲ್ಲ. ಆದರೆ ಒಂದು ಕೆಲಸ ಮಾತ್ರ ನಡೆದಿರುತ್ತದೆ. ನೋವು ಕಣ್ಣಿಗೆ ಕಾಣದ ವಸ್ತು. ಪಕ್ಕದಲ್ಲೇ ಮಲಗಿದವರಿಗೂ ಇನ್ನೊಬ್ಬರ ನೋವು ಕಾಣದು. ಆ ಕಾಣದ್ದನ್ನು ಮೈಯಿಂದ ಹೊರಗೆ ತಂದು, ಕೈಯಲ್ಲಿ ಹಿಡಿಯುವಂತೆ ಮಾಡಿ, ಒಂದು ಕಡೆ ಇಟ್ಟು ಬರುವುದು ಸಣ್ಣ ಮಾತಲ್ಲ. ಇದನ್ನು ಕಲೆ ಎನ್ನಬಹುದೇ ಎಂಬ ತಕರಾರಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಕಾಣದ್ದಕ್ಕೆ ರೂಪ ಕೊಡುವುದು ಕಲೆಯ ಕೆಲಸವಾದರೆ ಇದು ಕಲೆ. ಸಹಿ ಹಾಕಿ ಗೋಡೆಗೆ ತೂಗುಹಾಕಿದ್ದೇ ಕಲೆಯಾದರೆ, ಅಲ್ಲ.

ಅರಿಸಿನ ಹಳದಿ, ಸುಣ್ಣ ಬಿಳಿ. ಎರಡನ್ನೂ ನೀರಿನಲ್ಲಿ ಕಲಸಿದರೆ ನೆತ್ತರಿನ ಕೆಂಪು. ಅರಿಸಿನದೊಳಗಿನ ಕರ್ಕ್ಯುಮಿನ್ ಕ್ಷಾರಕ್ಕೆ ಸೋಕಿದರೆ ಹೀಗೆ ಬಣ್ಣ ಬದಲಿಸುತ್ತದೆಂದು ಶಾಲೆಯ ಮಕ್ಕಳಿಗೂ ಗೊತ್ತು. ಶಾಲೆಗೆ ಹೋಗದವರಿಗೆ ಅದು ಆರತಿ ತಟ್ಟೆಯಲ್ಲೇ ಗೊತ್ತಿತ್ತು. ಬಾಣಂತಿ ಕೂಸಿನೊಂದಿಗೆ ಹೊಸ್ತಿಲಿಗೆ ಬಂದಾಗ ನಿವಾಳಿಸಿ ಚೆಲ್ಲುವ ಕೆಂಪು ನೀರಿನಲ್ಲಿ ಯಾವ ಪ್ರಾಣಿಯ ರಕ್ತವೂ ಇಲ್ಲ. ರಕ್ತದ ನೆನಪು ಮಾತ್ರ ಇದೆ, ಅದೂ ಅಡುಗೆಮನೆಯ ಡಬ್ಬಿಯಿಂದ ಬಂದದ್ದು. ಇದೇ ಕೆಂಪು ಉಡುಪಿ, ದಕ್ಷಿಣ ಕನ್ನಡಗಳ ನಾಗಮಂಡಲದಲ್ಲಿ ದೊಡ್ಡ ರೂಪ ತಾಳುತ್ತದೆ. ಮಂಡಲಕ್ಕೆ ಐದು ಬಣ್ಣ: ಬಿಳಿ ಮಣ್ಣು, ಅರಿಸಿನ, ಅರಿಸಿನ-ಸುಣ್ಣ ಬೆರೆಸಿದ ಕೆಂಪು, ಸೊಪ್ಪಿನ ಪುಡಿಯ ಹಸಿರು, ಹುರಿದ ಉಮಿಯ ಕಪ್ಪು. ಚರ್ಮರೋಗಕ್ಕೂ ಸಂತಾನವಿಲ್ಲದಿರುವುದಕ್ಕೂ ನಾಗದೋಷವೇ ಕಾರಣವೆಂಬ ನಂಬಿಕೆ ಈ ಸೇವೆಯ ಹಿಂದಿದೆ. ಗಂಟೆಗಟ್ಟಲೆ ಕೂತು ಬರೆದ ಹೆಡೆಗಳೂ ಗಂಟುಗಳೂ ಒಂದು ರಾತ್ರಿ ಮಾತ್ರ ಬಾಳುತ್ತವೆ. ಕುಣಿತ ಮುಗಿದ ಮೇಲೆ ಮಂಡಲ ಅಳಿದು ಪುಡಿ ಪ್ರಸಾದವಾಗುತ್ತದೆ. ಡಕ್ಕೆ ಹಿಡಿದು ಹಾಡಿ ಕುಣಿಯುವ ಕಲಾವಿದರ ಸಮುದಾಯಕ್ಕೆ ಇಟ್ಟ ಹೆಸರು ‘ವೈದ್ಯರು’. ಅವರು ನಾಡಿ ಹಿಡಿಯುವುದಿಲ್ಲ, ಔಷಧಿ ಅರೆಯುವುದಿಲ್ಲ. ಆದರೂ ಜನ ಅವರನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಆ ಹೆಸರು ಎಷ್ಟರ ಮಟ್ಟಿಗೆ ಸಲ್ಲುತ್ತದೆ ಎಂಬಲ್ಲಿ ನಮ್ಮ ಪ್ರಶ್ನೆಯ ಗಂಟಿದೆ.

ದೇವರ ಮಾತೇ ಬರದ ಕಡೆಯಲ್ಲೂ ಇಂಥದೇ ಕೆಲಸ ನಡೆದಿದೆ. ಅಮೆರಿಕದಲ್ಲಿ ಏಡ್ಸ್‌ಗೆ ಮದ್ದಿಲ್ಲದಿದ್ದ ಕಾಲ. ಸತ್ತವರ ಹೆಸರು ಹೇಳಲು ಮನೆಯವರೇ ಹಿಂಜರಿಯುತ್ತಿದ್ದರು. ಆಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಲೀವ್ ಜೋನ್ಸ್ ಮತ್ತು ಅವರ ಸಂಗಡಿಗರು ಸೂಜಿ ದಾರ ಹಿಡಿದರು. ಒಬ್ಬೊಬ್ಬರ ಹೆಸರಿಗೆ ಒಂದೊಂದು ಬಟ್ಟೆಯ ಪಟ್ಟಿ, ಮೂರಡಿ ಅಗಲ, ಆರಡಿ ಉದ್ದ, ಹೆಚ್ಚುಕಮ್ಮಿ ಒಂದು ಸಮಾಧಿಯ ಅಳತೆ. ಸತ್ತವರ ಅಂಗಿ, ಜೀನ್ಸ್ ಪ್ಯಾಂಟು, ಆಟದ ಗೊಂಬೆ ಎಲ್ಲ ಅದರಲ್ಲಿ ಹೊಲಿಗೆಯಾದವು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ ಮೊದಲ ಸಲ ಹಾಸಿದಾಗ ಪಟ್ಟಿಗಳ ಸಂಖ್ಯೆ 1,920. ಮುಂದೆ ಅದು 50 ಸಾವಿರದ ಹತ್ತಿರ ಬಂತು. ಉತ್ತರ ಕರ್ನಾಟಕದ ಮನೆಗಳಲ್ಲಿ ಅಜ್ಜಿಯರು ಹರಿದ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಾರಲ್ಲ, ಆ ಕೆಲಸ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಟ್ಟವರು ಹೋದ ಮೇಲೂ ಉಟ್ಟ ಬಟ್ಟೆ ಬೆಚ್ಚಗಿಡುತ್ತದೆ. 1991ರಲ್ಲಿ ಕ್ಯೂಬಾ ಮೂಲದ ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ ಇನ್ನೂ ಸರಳವಾದದ್ದನ್ನು ಮಾಡಿದ. ಬಣ್ಣದ ಕಾಗದ ಸುತ್ತಿದ ಪೆಪ್ಪರಮಿಂಟು ಥರದ ಮಿಠಾಯಿಗಳನ್ನು ಗ್ಯಾಲರಿಯ ಮೂಲೆಯಲ್ಲಿ ರಾಶಿ ಸುರಿದ. ರಾಶಿಗೆ ಅವನು ಗೊತ್ತುಮಾಡಿದ ತೂಕ 175 ಪೌಂಡು, ಸುಮಾರು 79 ಕಿಲೊ. ಅದು ಆ ವರ್ಷ ಏಡ್ಸ್‌ನಿಂದ ತೀರಿಕೊಂಡ ಅವನ ಸಂಗಾತಿ ರಾಸ್ ಆರೋಗ್ಯವಾಗಿದ್ದಾಗಿನ ತೂಕವೆಂದು ನೋಡುಗರು ಓದಿಕೊಂಡಿದ್ದಾರೆ. ಬಂದವರು ಒಂದೊಂದು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ರಾಶಿ ಕರಗುತ್ತ ಹೋಗುತ್ತದೆ, ಮೈ ಕರಗಿದ ಹಾಗೆ. ಬೇಕೆಂದಾಗ ಮತ್ತೆ ತುಂಬಬಹುದು. ಆ ಮೈಗೆ ಅದು ಸಾಧ್ಯವಾಗಿರಲಿಲ್ಲ.

ಸುರ್ಯದ ಮಣ್ಣಿನ ಕಾಲಿಗೂ ಈ ಮಿಠಾಯಿ ರಾಶಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಎರಡನ್ನೂ ಜೋಡಿಸುವ ಕೊಂಡಿ ನನಗೆ ಸಿಕ್ಕಿದ್ದು ಚರಕ ಸಂಹಿತೆಯಲ್ಲಿ. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಕಾಲುಗಳೆಂದು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದು ಕಾಲು ಮುರಿದರೂ ಮಂಚ ನೆಟ್ಟಗೆ ನಿಲ್ಲದು. ಮೂರನೆಯ ಕಾಲಾದ ಉಪಚಾರಕನಿಗೆ ಇರಬೇಕಾದ ಗುಣಗಳನ್ನೂ ಗ್ರಂಥ ಎಣಿಸುತ್ತದೆ: ಉಪಚಾರ ತಿಳಿದಿರಬೇಕು, ಕೈ ಚುರುಕಿರಬೇಕು, ಅಕ್ಕರೆಯಿರಬೇಕು, ಶುಚಿಯಿರಬೇಕು. ಈ ಪಟ್ಟಿಯನ್ನು ಕುಶಲಕರ್ಮಿಯೊಬ್ಬನ ಲಕ್ಷಣವೆಂದು ಓದಿದರೂ ನಡೆಯುತ್ತದೆ. ಈಗ ಮೇಲಿನ ಉದಾಹರಣೆಗಳನ್ನು ಮತ್ತೊಮ್ಮೆ ನೋಡಿ. ಕೆಂಪು ನೀರು ನಿವಾಳಿಸುವವಳು ಬಾಣಂತಿಯಲ್ಲ, ಅವಳ ಅತ್ತೆಯೋ ಅಮ್ಮನೋ. ಮಗುವಿನ ಕಾಲಿಗಾಗಿ ಹರಕೆ ಹೊತ್ತದ್ದು ಮಗುವಲ್ಲ. ಪಟ್ಟಿ ಹೊಲಿದವರು ಸತ್ತವರ ತಾಯಂದಿರು, ಗೆಳೆಯರು. ಮಿಠಾಯಿ ಸುರಿದವನು ರಾಸ್ ಅಲ್ಲ, ರಾಸ್‌ನ ಸಂಗಾತಿ. ಹರಕೆಗಳಲ್ಲಿ ರೋಗಿಯೇ ಒಪ್ಪಿಸುವುದೂ ಉಂಟು ನಿಜ. ಆದರೆ ಆಗ ಅವನು ವಾಸಿಯಾಗಿ, ತನ್ನ ಹಿಂದಿನ ನೋವನ್ನು ಬೇರೆಯವರ ನೋವಿನಂತೆ ನೋಡಬಲ್ಲಷ್ಟು ದೂರ ಬಂದಿರುತ್ತಾನೆ. ಹೀಗಾಗಿ ನನ್ನ ವಾದ ಇಷ್ಟು: ಮನೆಯ ವಸ್ತುಗಳಿಂದ ಕಾಯಿಲೆಯ ಬಗ್ಗೆ ಹುಟ್ಟುವ ಕಲೆ ಎರಡನೆಯ ಕಾಲಿನದಲ್ಲ, ಮೂರನೆಯ ಕಾಲಿನದು. ಅದನ್ನು ಔಷಧವೆಂದು ಅಳೆದರೆ ಅದು ಸುಳ್ಳಾಗುತ್ತದೆ; ಉಪಚಾರವೆಂದು ಅಳೆದರೆ ನಿಜವಾಗುತ್ತದೆ.

ವಸ್ತು ಮನೆಯದೇ ಏಕಾಗಬೇಕು? ಕಾಯಿಲೆ ಮೊದಲು ಕೆಡಿಸುವುದು ಮನೆಯನ್ನು. ಎಂದಿನ ಲೋಟ ಔಷಧಿಯ ಲೋಟವಾಗುತ್ತದೆ. ಎಂದಿನ ಮೂಲೆಗೆ ಬೆಡ್‌ಪ್ಯಾನ್ ಬರುತ್ತದೆ, ಎಂದಿನ ಸಾರು ನಾಲಿಗೆಗೆ ಹತ್ತುವುದಿಲ್ಲ. ಕೈಗೆ ಒಗ್ಗಿದ ವಸ್ತುಗಳೆಲ್ಲ ಪರಕೀಯವಾಗುತ್ತ ಹೋಗುವುದೇ ‘ಅಸ್ವಸ್ಥ’ ಎಂಬುದರ ಅರ್ಥ. ಪೇಟೆಯಿಂದ ತಂದ ಕ್ಯಾನ್‌ವಾಸಿಗೂ ಎಣ್ಣೆಬಣ್ಣಕ್ಕೂ ಈ ಕಥೆ ಗೊತ್ತಿಲ್ಲ. ಉಪ್ಪಿಗೆ, ಮೆಣಸಿನಕಾಯಿಗೆ, ಪೊರಕೆಗೆ ಗೊತ್ತು. ಸತ್ತ ಮಗುವನ್ನು ಹೊತ್ತು ಮದ್ದು ಕೇಳಿ ಬಂದ ಕಿಸಾ ಗೋತಮಿಗೆ ಬುದ್ಧ ಸಾಸಿವೆ ತರಲು ಹೇಳಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ, ‘ಸಾವು ಎಲ್ಲರಿಗೂ ಉಂಟು’ ಎಂಬ ನೀತಿಗಾಗಿ. ಆದರೆ ಆ ಕಥೆಯಲ್ಲಿ ಸಾಸಿವೆಗೆ ಬರಗಾಲವಿರಲಿಲ್ಲ. ಪ್ರತಿ ಮನೆಯಲ್ಲೂ ಸಾಸಿವೆ ಇತ್ತು, ಕೊಡಲು ಕೈಯೂ ಮುಂದಾಗಿತ್ತು. ಸಾವು ಕಾಣದ ಮನೆಯದಾಗಿರಬೇಕೆಂಬ ಷರತ್ತು ಮಾತ್ರ ಎಲ್ಲೂ ಈಡೇರಲಿಲ್ಲ. ಬುದ್ಧ ಅಪರೂಪದ ಹಿಮಾಲಯದ ಬೇರನ್ನು ಕೇಳಿದ್ದರೆ ಅವಳು ಕಾಡಿಗೆ ಹೋಗುತ್ತಿದ್ದಳು, ಒಬ್ಬಳೇ. ಸಾಸಿವೆ ಕೇಳಿದ್ದರಿಂದ ಬಾಗಿಲಿಂದ ಬಾಗಿಲಿಗೆ ಹೋದಳು; ಪ್ರತಿ ಬಾಗಿಲಲ್ಲೂ ತನ್ನಂಥವರೇ ಸಿಕ್ಕರು. ಅಗ್ಗದ ವಸ್ತುವಿಗೆ ಮಾತ್ರ ಇರುವ ಶಕ್ತಿ ಇದು, ಎಲ್ಲರ ಮನೆಗೂ ಅದು ದಾರಿ ತೋರಿಸುತ್ತದೆ. ಮಗು ಬದುಕಲಿಲ್ಲ ಎಂಬುದನ್ನು ಕಥೆ ಮುಚ್ಚಿಡುವುದಿಲ್ಲ, ಅದೂ ಗಮನಿಸಬೇಕಾದ್ದೇ.

ಇಲ್ಲಿಗೆ ವಿಚಾರವಾದಿಯ ಆಕ್ಷೇಪ ಬಂದೇ ಬರುತ್ತದೆ, ಬರಲೂ ಬೇಕು. ಸಿಡುಬನ್ನು ‘ಅಮ್ಮ’ ಎಂದು ಕರೆದು, ಬೇವಿನ ಸೊಪ್ಪು ಹಾಸಿ, ಅರಿಸಿನ ಹಚ್ಚಿ ಶತಮಾನಗಳೇ ಕಳೆದವು, ಸಿಡುಬು ಹೋಗಲಿಲ್ಲ. ಲಸಿಕೆ ಬಂತು. ಭಾರತದಲ್ಲಿ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರಲ್ಲಿ; 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಸಾರಿತು. ಈ ವಾದಕ್ಕೆ ಎದುರು ಹೇಳುವುದೇನೂ ಇಲ್ಲ, ಒಪ್ಪಿಕೊಳ್ಳಬೇಕು. ಇನ್ನೂ ಬಲವಾದ ಪುರಾವೆ ಬೇಕಿದ್ದರೆ 2011ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಆಸ್ತಮಾ ಅಧ್ಯಯನವಿದೆ. 39 ರೋಗಿಗಳಿಗೆ ಸರದಿಯಂತೆ ನಿಜವಾದ ಇನ್‌ಹೇಲರ್, ಹುಸಿ ಇನ್‌ಹೇಲರ್, ಹುಸಿ ಸೂಜಿಚಿಕಿತ್ಸೆ ಕೊಟ್ಟರು; ಒಂದು ಸರದಿಯಲ್ಲಿ ಏನನ್ನೂ ಕೊಡಲಿಲ್ಲ. ಶ್ವಾಸಕೋಶದ ಬಲವನ್ನು ಯಂತ್ರದಲ್ಲಿ ಅಳೆದಾಗ ನಿಜವಾದ ಮದ್ದಿನಿಂದ ಶೇ. 20ರಷ್ಟು ಸುಧಾರಣೆ, ಉಳಿದ ಮೂರರಲ್ಲೂ ಶೇ. 7ರ ಆಸುಪಾಸು. ಆದರೆ ‘ನಿಮಗೆ ಹೇಗನ್ನಿಸಿತು’ ಎಂದು ಕೇಳಿದಾಗ ನಿಜವಾದ ಮದ್ದಿಗೆ ಶೇ. 50, ಹುಸಿ ಮದ್ದಿಗೆ 45, ಹುಸಿ ಸೂಜಿಗೆ 46, ಏನೂ ಕೊಡದಿದ್ದಾಗ 21. ಎರಡು ಲೆಕ್ಕದ ಪುಸ್ತಕ ಎಂದು ಆಗ ಹೇಳಿದೆನಲ್ಲ, ಅವೆರಡೂ ಇಲ್ಲಿ ಅಕ್ಕಪಕ್ಕ ತೆರೆದುಕೊಂಡಿವೆ. ಯಾರೋ ತನಗಾಗಿ ಏನೋ ಮಾಡುತ್ತಿದ್ದಾರೆ ಎಂಬುದೇ ಎರಡನೆಯ ಪುಸ್ತಕದಲ್ಲಿ ಅರ್ಧ ದಾರಿ ದಾಟಿಸುತ್ತದೆ. ಅದೇ ಹೊತ್ತಿಗೆ, ಹಗುರವೆನಿಸಿತೆಂದು ಇನ್‌ಹೇಲರ್ ಬಿಟ್ಟವನ ಶ್ವಾಸಕೋಶ ಮೊದಲಿನಷ್ಟೇ ಬಿಗಿದಿರುತ್ತದೆ. ಒಂದು ಪುಸ್ತಕದ ಜಮೆಯನ್ನು ಇನ್ನೊಂದಕ್ಕೆ ಬರೆದುಕೊಳ್ಳುವುದು ಪ್ರಾಣಕ್ಕೆ ಎರವು. ಚರಕನಿಗೂ ಇದರಲ್ಲಿ ಅನುಮಾನವಿರಲಿಲ್ಲ. ಮಣ್ಣು, ಕೋಲು, ತಿಗರಿ, ದಾರ ಎಲ್ಲ ಇದ್ದರೂ ಕುಂಬಾರನಿಲ್ಲದೆ ಮಡಕೆಯಾಗದು. ವೈದ್ಯನಿಲ್ಲದೆ ಉಳಿದ ಮೂರು ಕಾಲುಗಳಿಂದ ಪ್ರಯೋಜನವಾಗದು ಎಂಬುದು ಅದೇ ಅಧ್ಯಾಯದ ಹೋಲಿಕೆ.

ಗೆರೆ ಎಲ್ಲಿ ಎಳೆಯಬೇಕೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಕಾನೂನಿದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕಾಯ್ದೆ, ನಾಯಿ, ಹಾವು, ಚೇಳು ಕಚ್ಚಿದವರನ್ನು ಚಿಕಿತ್ಸೆಗೆ ಹೋಗಗೊಡದೆ ಮಂತ್ರ-ತಂತ್ರ ಮಾಡುವುದನ್ನು ಅಪರಾಧವೆಂದಿತು. ಊಟ ಮಾಡಿ ಬಿಟ್ಟ ಎಂಜಲೆಲೆಯ ಮೇಲೆ ಉರುಳುವುದನ್ನೂ ಅದೇ ಪಟ್ಟಿಗೆ ಸೇರಿಸಿತು. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನದ ಹಿಂದೆಯೂ ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆಯೇ ಇತ್ತು. ಅಲ್ಲಿಯೂ ವಸ್ತು ಮನೆಬಳಕೆಯದೇ, ಬಾಳೆಲೆ. ನಾಗಮಂಡಲದ ಅರಿಸಿನಕ್ಕೂ ಮಡೆಸ್ನಾನದ ಎಲೆಗೂ ನಾನು ವ್ಯತ್ಯಾಸ ಮಾಡುವುದು ನಂಬಿಕೆಯ ಮೇಲಲ್ಲ, ಎರಡರ ನಂಬಿಕೆಯೂ ಒಂದೇ ತಕ್ಕಡಿಯದು. ವ್ಯತ್ಯಾಸವಿರುವುದು ಮೈಯನ್ನು ಎಲ್ಲಿ ಇಡುತ್ತಾರೆ ಎಂಬುದರಲ್ಲಿ. ಮಣ್ಣಿನ ಕಾಲು ಮನುಷ್ಯನ ಕಾಲಿನ ಬದಲಿಗೆ ನೆಲದ ಮೇಲೆ ಬೀಳುತ್ತದೆ, ಕೆಂಪು ನೀರು ನೆತ್ತರಿನ ಬದಲಿಗೆ ಚೆಲ್ಲುತ್ತದೆ. ವಸ್ತು ಮೈಯ ಭಾರವನ್ನು ತಾನು ಹೊರುತ್ತದೆ. ಮಡೆಸ್ನಾನದಲ್ಲಿ ಇದು ತಿರುಗುಮುರುಗಾಗಿದೆ. ವಸ್ತುವಿಗಿಂತ ಕೆಳಗೆ ಮೈಯನ್ನು ಕೆಡವಲಾಗುತ್ತದೆ, ಅದೂ ಇನ್ನೊಬ್ಬರು ಉಂಡ ಎಂಜಲಿಗಿಂತ ಕೆಳಗೆ. ಉಪಚಾರದ ಅಳತೆಗೋಲಿನಿಂದ ನೋಡಿದರೆ ಅದು ಕಲೆಯೂ ಅಲ್ಲ, ಸೇವೆಯೂ ಅಲ್ಲ. ರೋಗಿಯನ್ನು ರೋಗಕ್ಕೆ ಹೊಣೆಗಾರನನ್ನಾಗಿಸಿ ದಂಡ ಕಟ್ಟಿಸುವ ಬಗೆ.

ಇದಕ್ಕಿಂತ ನಯವಾದ ಆಕ್ಷೇಪ ಸೂಸನ್ ಸಾಂಟ್ಯಾಗ್ ಅವರದು. ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ದಿನಗಳ ಬೆನ್ನಿಗೆ, 1978ರಲ್ಲಿ, ಅವರು ಕಾಯಿಲೆಗೆ ರೂಪಕ ತೊಡಿಸುವುದನ್ನು ಖಂಡಿಸಿ ಪುಸ್ತಕ ಬರೆದರು. ಕ್ಷಯವನ್ನು ಸೂಕ್ಷ್ಮ ಮನಸ್ಸಿನ ಗುರುತೆಂದೂ ಕ್ಯಾನ್ಸರನ್ನು ಅದುಮಿಟ್ಟ ಭಾವನೆಗಳ ಫಲವೆಂದೂ ಹೇಳಿದರೆ ರೋಗಿಗೆ ಎರಡನೆಯ ಪೆಟ್ಟು ಬೀಳುತ್ತದೆ, ರೋಗವನ್ನು ರೋಗವಾಗಿಯೇ ನೋಡಬೇಕು ಎಂಬುದು ಅವರ ವಾದದ ತಿರುಳು. ನಾಗದೋಷವೆಂಬ ವಿವರಣೆಗೆ ಈ ಪೆಟ್ಟು ನೇರವಾಗಿ ತಗಲುತ್ತದೆ. ಮಕ್ಕಳಾಗದ ಹೆಣ್ಣಿನ ತಲೆಗೆ ಹಾವಿನ ಶಾಪ ಕಟ್ಟಿದ್ದನ್ನು ಬಣ್ಣ ಎಷ್ಟು ಚೆಂದವಿದ್ದರೂ ಸಮರ್ಥಿಸಲಾಗದು. ಆದರೆ ಸಾಂಟ್ಯಾಗ್ ಹಿಡಿದದ್ದು ಕಾರಣ ಹೇಳುವ ರೂಪಕಗಳನ್ನು. ಮಿಠಾಯಿ ರಾಶಿ ‘ಏಕೆ ಬಂತು’ ಎಂದು ಹೇಳಲು ಹೋಗುವುದಿಲ್ಲ, ಎಷ್ಟು ತೂಕ ಹೋಯಿತು ಎಂದು ತೋರಿಸುತ್ತದೆ. ಮೂರಡಿ-ಆರಡಿ ಬಟ್ಟೆ ಕಾರಣ ಹುಡುಕುವುದಿಲ್ಲ, ಹೆಸರು ಹೇಳುತ್ತದೆ. ವಸ್ತು ವಸ್ತುವಾಗಿಯೇ ಉಳಿದಷ್ಟು ಕಾಲ ಅದು ಸುಳ್ಳು ಹೇಳಲಾರದು. ಅದಕ್ಕೆ ಪುರಾಣ ಅಂಟಿಸಿದಾಗ ತೊಂದರೆ ಶುರು. ಜರ್ಮನಿಯ ಜೋಸೆಫ್ ಬಾಯ್ಸ್ ಕೊಬ್ಬು ಮತ್ತು ಉಣ್ಣೆಯ ಕಂಬಳಿಬಟ್ಟೆಗಳಿಂದ ಕಲಾಕೃತಿ ಮಾಡಿದ. 1944ರಲ್ಲಿ ಕ್ರಿಮಿಯಾದಲ್ಲಿ ತನ್ನ ವಿಮಾನ ಬಿದ್ದಾಗ ತಾತಾರರು ಕೊಬ್ಬು ಸವರಿ ಕಂಬಳಿ ಸುತ್ತಿ ಬದುಕಿಸಿದರೆಂದು ಅದಕ್ಕೊಂದು ಹಿನ್ನೆಲೆಯನ್ನೂ ಹೇಳಿದ. ಜರ್ಮನ್ ಸೇನೆಯ ಶೋಧತಂಡವೇ ಅವನನ್ನು ಕಂಡು ಸೇನಾ ಆಸ್ಪತ್ರೆಗೆ ಸೇರಿಸಿತ್ತೆಂದು ದಾಖಲೆಗಳು ಹೇಳುತ್ತವೆ. ಕೊಬ್ಬಿಗೆ ತನ್ನದೇ ಆದ ಬಿಸುಪಿತ್ತು, ಕಂಬಳಿಗೂ ಇತ್ತು. ಕಟ್ಟುಕಥೆ ಬೇಕಿದ್ದದ್ದು ಕಲಾವಿದನಿಗೆ.

ಉಳಿದ ಒಂದು ಆಕ್ಷೇಪ ನನಗೆ ಎಲ್ಲಕ್ಕಿಂತ ಕಷ್ಟದ್ದು. ಮೂರನೆಯ ಕಾಲನ್ನು ಹೀಗೆ ಹೊಗಳುವುದು, ಆ ಕಾಲು ಹೊರುತ್ತಿರುವ ಭಾರವನ್ನು ಅಲಂಕರಿಸಿದಂತಲ್ಲವೇ? ನಮ್ಮಲ್ಲಿ ಉಪಚಾರಕರೆಂದರೆ ಹೆಚ್ಚಾಗಿ ಮನೆಯ ಹೆಂಗಸರು, ಸಂಬಳವಿಲ್ಲದವರು, ರಜೆಯಿಲ್ಲದವರು. ಕೌದಿಯ ಹೊಲಿಗೆಯನ್ನು ಕೊಂಡಾಡುವವರು ಹೊಲಿದವಳ ಬೆನ್ನುನೋವನ್ನು ಕೇಳುವುದು ಕಡಿಮೆ. ಈ ಮಾತನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಊರಿಗೆ ಆಸ್ಪತ್ರೆ ಬೇಕಾದಲ್ಲಿ ಅರಿಸಿನದ ಗುಣಗಾನ ಮಾಡುವುದು ಅನ್ಯಾಯ. ಉಳಿದ ಕಾಲು ಪಾಲಿಗೆ ಮಾತ್ರ ನನ್ನ ತಕರಾರಿದೆ. ರೋಗಿಯ ಪಕ್ಕ ಕೂತವರಿಗೆ ಬಹುಪಾಲು ಹೊತ್ತು ಮಾಡಲು ಕೆಲಸವಿರುವುದಿಲ್ಲ. ಮಾತ್ರೆ ಕೊಟ್ಟಾಯಿತು, ಗಂಜಿ ಕುಡಿಸಿಯಾಯಿತು, ಮುಂದಿನ ಮಾತ್ರೆಗೆ ಆರು ಗಂಟೆಯಿದೆ. ಆ ಆರು ಗಂಟೆ ಕೈ ಏನು ಮಾಡಬೇಕು? ಏನೂ ಮಾಡಲಾಗದ ಕೈಯ ಸಂಕಟ ರೋಗಿಯ ಸಂಕಟಕ್ಕಿಂತ ಚಿಕ್ಕದಿರಬಹುದು, ಆದರೆ ಇಲ್ಲವೆಂದಲ್ಲ. ಸಾಸಿವೆ, ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯುವ ಅಜ್ಜಿ ತನ್ನ ಹೆದರಿಕೆಗೆ ಒಂದು ಆಕಾರ ಕೊಟ್ಟು ಒಲೆಗೆ ಹಾಕುತ್ತಾಳೆ. ಆಮೇಲೆ ಅದೇ ಕೈಯಿಂದ ಮಗುವಿನ ಹಣೆ ಮುಟ್ಟುತ್ತಾಳೆ, ಆಗ ಕೈ ನಡುಗುವುದಿಲ್ಲ. ಇದರಲ್ಲಿ ರೋಗ ಗುಣವಾಗಿದ್ದು ಏನೂ ಇಲ್ಲ. ಉಪಚಾರ ಮಾತ್ರ ವಾಸಿಯಾಗಿದೆ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಲ್ಲಿ ಒಂದು ಕೋರಿಕೆ. ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಮುಂಚೆ ರೋಗಿಯ ಮುಂಗೈಯ ಅರಿಸಿನದ ದಾರವನ್ನು ನೀವು ಕತ್ತರಿಸುತ್ತೀರಿ. ಸೋಂಕು ತಡೆಯಲು ಅದು ಸರಿಯೇ, ಕತ್ತರಿಸಿ. ಆದರೆ ಬುಟ್ಟಿಗೆ ಎಸೆಯಬೇಡಿ. ಕಟ್ಟಿದವರು ಯಾರೆಂದು ಕೇಳಿ ಅವರ ಕೈಗೆ ಕೊಡಿ, ಒಳಗೆ ಎಷ್ಟು ಹೊತ್ತಾಗುತ್ತದೆಂದು ತಿಳಿಸಿ. ಅವರು ಅಲ್ಲೇ ಬಾಗಿಲಾಚೆ ನಿಂತಿರುತ್ತಾರೆ.